ಹಾರ ಹಾಕುವ ಮುನ್ನ

ಸತ್ತವರನ್ನು ಹೊಗಳುವುದರಲ್ಲಿ ನಾವು ಬಹಳ ಧಾರಾಳಿಗಳು. ಅದರಲ್ಲೂ ಸತ್ತವನು ಸೈನಿಕನಾಗಿದ್ದರೆ ನಮ್ಮ ನಾಲಿಗೆಗೆ ಹಿಡಿತವೇ ಇರುವುದಿಲ್ಲ. ವೀರ, ಧೀರ, ಹುತಾತ್ಮ, ಭಾರತಾಂಬೆಯ ಹೆಮ್ಮೆಯ ಪುತ್ರ ಎಂದು ಪದಗಳ ಮೇಲೆ ಪದ ಪೇರಿಸುತ್ತೇವೆ. ಫೋಟೋಕ್ಕೆ ಹಾರ, ಎರಡು ನಿಮಿಷದ ಮೌನ, ಹೆಂಡತಿಗೆ ಶಾಲು ಮತ್ತು ಹಣ್ಣಿನ ಬುಟ್ಟಿ. ಅಷ್ಟಾದರೆ ನಮ್ಮ ಋಣ ತೀರಿತು ಎಂಬ ಸಮಾಧಾನದಿಂದ ಮನೆಗೆ ಹೋಗಿ ಊಟ ಮಾಡಿ ಮಲಗುತ್ತೇವೆ. ಆ ಮನುಷ್ಯ ಎಲ್ಲಿ ಸತ್ತ, ಹೇಗೆ ಸತ್ತ, ಸಾಯುವ ಮುಂಚೆ ಏನು ಮಾಡಿದ, ಆ ಸುದ್ದಿ ಅವನ ಮನೆಯವರಿಗೆ ಯಾವಾಗ ತಲುಪಿತು ಎಂದು ಕೇಳುವ ವ್ಯವಧಾನ ನಮಗಿಲ್ಲ. ನನ್ನ ಮಟ್ಟಿಗೆ ಸತ್ತವನಿಗೆ ಸಲ್ಲಬೇಕಾದ ಮೊದಲ ಗೌರವ ಈ ವಿಚಾರಣೆಯೇ. ಹಾರವೇನಿದ್ದರೂ ಆಮೇಲೆ.

ಇದು ಕಠಿಣವಾದ ಮಾತು ಎನಿಸಿದರೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಕಥೆಯನ್ನು ಕೇಳಿ. ಅವರು ನಮ್ಮ ಕೊಡಗಿನವರು. ಹುಟ್ಟಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ವಾಯುಪಡೆಗೆ ವೈಮಾನಿಕರಾಗಿ ಸೇರಿದರು. 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧ ಶುರುವಾದಾಗ ಅವರು ಹೊಸಬರಿಗೆ ವಿಮಾನ ಹಾರಿಸುವುದನ್ನು ಕಲಿಸುವ ಶಿಕ್ಷಕರಾಗಿದ್ದರು. ಅಲ್ಲಿಂದ ಅವರನ್ನು ಪಂಜಾಬಿನ ಆದಂಪುರದಲ್ಲಿದ್ದ ಒಂದನೇ ಸ್ಕ್ವಾಡ್ರನ್ನಿಗೆ ಕಳುಹಿಸಲಾಯಿತು. ವಯಸ್ಸು 32. ಮನೆಯಲ್ಲಿ ಹೆಂಡತಿ, ಚಿಕ್ಕ ಮಕ್ಕಳು.

1965ರ ಸೆಪ್ಟೆಂಬರ್ 7ರ ಮುಂಜಾನೆ ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಲು ಆ ಸ್ಕ್ವಾಡ್ರನ್ನಿನ ವಿಮಾನಗಳು ಹೊರಟವು. ವಿಂಗ್ ಕಮಾಂಡರ್ ಓ.ಪಿ. ತನೇಜಾ ಅವರ ನಾಯಕತ್ವದಲ್ಲಿ ಹನ್ನೆರಡು ವಿಮಾನಗಳು ಹೋಗಬೇಕೆಂಬುದು ಯೋಜನೆ. ದೇವಯ್ಯ ಆ ಹನ್ನೆರಡರಲ್ಲಿ ಇರಲಿಲ್ಲ. ಯಾರಾದರೂ ಹೋಗಲಾಗದೆ ಹಿಂದೆ ಉಳಿದರೆ ಆ ಜಾಗಕ್ಕೆ ಇರಲಿ ಎಂದು ಸಿದ್ಧವಾಗಿಟ್ಟುಕೊಂಡಿದ್ದ ವೈಮಾನಿಕರಲ್ಲಿ ಅವರೊಬ್ಬರು. ಜಾಗ ತೆರವಾಯಿತು, ಅವರು ಹೊರಟರು.

ಅವರು ಹಾರಿಸುತ್ತಿದ್ದದ್ದು ಫ್ರಾನ್ಸ್ ದೇಶದಲ್ಲಿ ತಯಾರಾದ ಮಿಸ್ಟೇರ್ ವಿಮಾನ. ಮಟ್ಟವಾಗಿ ಹಾರುವಾಗ ಶಬ್ದದ ವೇಗವನ್ನು ಮೀರಲಾರದ ವಿಮಾನ ಅದು. ಆದಂಪುರದಿಂದ ಸರಗೋಧಾಕ್ಕೆ ಹೋಗಿ ಬರುವುದೆಂದರೆ ಅದರ ಇಂಧನದ ಮಿತಿಯ ಕೊನೆಯ ಅಂಚು. ದಾರಿಯಲ್ಲಿ ನಿಂತು ಕಾದಾಡಿದರೆ ಮನೆಗೆ ಮರಳುವಷ್ಟು ಇಂಧನ ಉಳಿಯುವುದಿಲ್ಲ. ಎದುರಾದದ್ದು ಅಮೆರಿಕದಿಂದ ಪಾಕಿಸ್ತಾನಕ್ಕೆ ಬಂದಿದ್ದ ಸ್ಟಾರ್‌ಫೈಟರ್. ಶಬ್ದಕ್ಕಿಂತ ಎರಡು ಪಟ್ಟು ವೇಗವಾಗಿ ಹೋಗಬಲ್ಲ ವಿಮಾನ. ಅದನ್ನು ಹಾರಿಸುತ್ತಿದ್ದವನು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಮೊದಲ ಪೆಟ್ಟು ಅವನದೇ. ದೇವಯ್ಯನವರ ವಿಮಾನಕ್ಕೆ ಏಟು ಬಿತ್ತು. ಅಷ್ಟಾದ ಮೇಲೂ ಅವರು ತಿರುಗಿಬಿದ್ದು, ತಮ್ಮ ನಿಧಾನದ ವಿಮಾನವನ್ನು ಆ ವೇಗದ ವಿಮಾನಕ್ಕೆ ಎದುರಾಗಿ ತಂದು ಗುಂಡು ಹಾರಿಸಿದರು. ಸ್ಟಾರ್‌ಫೈಟರ್ ಉರುಳಿತು. ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡ. ದೇವಯ್ಯನವರು ಮರಳಲಿಲ್ಲ.

ಈ ಕಾದಾಟವನ್ನು ನಮ್ಮ ಕಡೆಯ ಒಬ್ಬರೂ ಕಾಣಲಿಲ್ಲ. ಉಳಿದವರು ದಾಳಿ ಮುಗಿಸಿ ಮರಳಿದಾಗ ಒಂದು ವಿಮಾನ ಕಡಿಮೆಯಿತ್ತು. ಅದು ಎಲ್ಲಿ ಬಿತ್ತು, ಹೇಗೆ ಬಿತ್ತು ಎಂದು ಹೇಳುವವರಿರಲಿಲ್ಲ. ಹೀಗಾಗಿ ಅವರು ನಮ್ಮ ಲೆಕ್ಕದಲ್ಲಿ ಯುದ್ಧದಿಂದ ಹಿಂದಿರುಗದ ಒಬ್ಬ ವೈಮಾನಿಕನಷ್ಟೇ ಆದರು.

ಇಲ್ಲಿಯವರೆಗೆ ಯಾರದೂ ತಪ್ಪಿಲ್ಲ ಎಂದೇ ಇಟ್ಟುಕೊಳ್ಳೋಣ. ಯುದ್ಧವೆಂದರೆ ಹಾಗೆಯೇ. ಇನ್ನು ಮುಂದಿನ ವರ್ಷಗಳನ್ನು ನೋಡಿ. 1971ರಲ್ಲಿ ಮತ್ತೆ ಯುದ್ಧವಾಯಿತು. ಅದೇ ಅಮ್ಜದ್ ಹುಸೇನ್ ಡಿಸೆಂಬರ್ 5ರಂದು ಅಮೃತಸರದ ಬಳಿ ನಮ್ಮ ಫಿರಂಗಿಗಳ ಗುಂಡಿಗೆ ಸಿಕ್ಕಿ ಕೆಳಗಿಳಿದು ನಮ್ಮ ಸೆರೆಯಾಳಾದ. ಅಂದರೆ ದೇವಯ್ಯನವರ ಕೊನೆಯ ಕಾದಾಟವನ್ನು ಕಣ್ಣಾರೆ ಕಂಡಿದ್ದ ವ್ಯಕ್ತಿ ನಮ್ಮ ನೆಲದಲ್ಲಿಯೇ, ನಮ್ಮ ಕಾವಲಿನಲ್ಲಿಯೇ ಇದ್ದ! ಯುದ್ಧ ಕೈದಿಗಳು ತಮ್ಮ ದೇಶಕ್ಕೆ ಮರಳಿದರು, ಅವನೂ ಮರಳಿದ. ದೇವಯ್ಯನವರ ಹೆಸರಿನ ಮುಂದೆ ಒಂದು ಸಾಲೂ ಹೊಸದಾಗಿ ಸೇರಲಿಲ್ಲ.

1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ 1965ರ ವೈಮಾನಿಕ ಯುದ್ಧದ ಬಗ್ಗೆ ಪುಸ್ತಕ ಬರೆದ. ಪಾಕಿಸ್ತಾನದ ವಾಯುಪಡೆಯ ನೆರವಿನಿಂದ, ಅವರ ಕಡೆಯ ಮಾಹಿತಿಯಿಂದ ಬರೆದ ಪುಸ್ತಕ ಅದು. ಸರಗೋಧಾದ ಹತ್ತಿರ ತಮ್ಮ ಸ್ಟಾರ್‌ಫೈಟರನ್ನು ಉರುಳಿಸಿದ್ದು ಭಾರತದ ಒಂದು ಮಿಸ್ಟೇರ್ ಎಂಬ ಸಂಗತಿ ಅದರಿಂದ ಹೊರಬಂತು. ಆ ದಿನ, ಆ ಕಡೆ, ಹಿಂದಿರುಗದೆ ಹೋದ ನಮ್ಮ ಮಿಸ್ಟೇರ್ ಯಾವುದೆಂದು ಹುಡುಕಿದರೆ ಸಿಗುವುದು ಒಂದೇ ಹೆಸರು. ಅದಾದ ಮೇಲೂ ಒಂಬತ್ತು ವರ್ಷ ಕಳೆಯಿತು. 1988ರಲ್ಲಿ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಕೊಟ್ಟರು. ಯುದ್ಧಕಾಲದ ಶೌರ್ಯಕ್ಕೆ ಕೊಡುವ ಪ್ರಶಸ್ತಿಗಳಲ್ಲಿ ಪರಮವೀರ ಚಕ್ರದ ನಂತರದ್ದು ಅದೇ. ಅದನ್ನು ಸ್ವೀಕರಿಸಿದವರು ಅವರ ಪತ್ನಿ. ಗಂಡ ಮನೆ ಬಿಟ್ಟು ಹೋಗಿ 23 ವರ್ಷವಾಗಿತ್ತು. 1965ರಲ್ಲಿ ಹುಟ್ಟಿದ ಕೂಸು ಆ ಹೊತ್ತಿಗೆ ಓದು ಮುಗಿಸಿ ಕೆಲಸಕ್ಕೆ ಸೇರುವ ವಯಸ್ಸಿಗೆ ಬಂದಿರುತ್ತದೆ.

ನೀವೇ ಹೇಳಿ, ನಮ್ಮ ವೀರನ ಶೌರ್ಯಕ್ಕೆ ಸಾಕ್ಷಿ ಹೇಳಿದವರು ಯಾರು? ಅವನು ಯಾರ ವಿರುದ್ಧ ಕಾದಾಡಿದನೋ ಅವರು. ಅದನ್ನು ಬರೆದವನು ಯಾರು? ಪರದೇಶದವನೊಬ್ಬ. ನಮ್ಮ ಪಾಲಿಗೆ ಬಂದ ಕೆಲಸ ಅದನ್ನು ಓದುವುದಷ್ಟೇ. ಅದಕ್ಕೂ ನಾವು ಒಂಬತ್ತು ವರ್ಷ ತೆಗೆದುಕೊಂಡೆವು. ಒಂದು ವೇಳೆ ಫ್ರಿಕರ್ ಆ ಪುಸ್ತಕವನ್ನು ಬರೆಯದೇ ಹೋಗಿದ್ದರೆ? ಪಾಕಿಸ್ತಾನದವರು ಆ ಸಂಗತಿಯನ್ನು ಮುಚ್ಚಿಟ್ಟಿದ್ದರೆ? ದೇವಯ್ಯನವರು ಮಾಡಿದ್ದು ಅಷ್ಟೇ ದೊಡ್ಡದಾಗಿರುತ್ತಿತ್ತು. ನಾವು ಮಾತ್ರ ಅವರ ಹೆಸರನ್ನೂ ಕೇಳಿರುತ್ತಿರಲಿಲ್ಲ.

ಇದಕ್ಕೆ ಎದುರಾಗಿ ಕೆಲವು ಮಾತುಗಳನ್ನು ಹೇಳುವವರಿದ್ದಾರೆ. ಮೊದಲನೆಯದು, "ತಡವಾದರೂ ಸಿಕ್ಕಿತಲ್ಲ" ಎಂಬುದು. ಈ ಮಾತನ್ನು ಹೇಳುವವರು ಸಾಮಾನ್ಯವಾಗಿ ಕಾಯುವ ಕಷ್ಟ ಗೊತ್ತಿಲ್ಲದವರು. ಊಟಕ್ಕೆ ಬರುತ್ತೇನೆಂದ ಗಂಡ ಎರಡು ಗಂಟೆ ತಡವಾಗಿ ಬಂದರೆ, ಶಾಲೆಯಿಂದ ಬರಬೇಕಾದ ಮಗು ಸಂಜೆ ದೀಪ ಹಚ್ಚುವ ಹೊತ್ತಾದರೂ ಬರದಿದ್ದರೆ ಹೆಂಗಸಿನ ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ನಮಗೆ ಗೊತ್ತು. ಅದನ್ನು 23 ವರ್ಷಕ್ಕೆ ಹಿಗ್ಗಿಸಿ ನೋಡಿ. ಸತ್ತ ಎಂದು ತಿಳಿದರೆ ಅತ್ತು ಮುಗಿಸಬಹುದು. ಹೇಗೆ ಸತ್ತ ಎಂದು ತಿಳಿಯದಿದ್ದರೆ ಅಳುವುದೂ ಅರ್ಧಕ್ಕೇ ನಿಲ್ಲುತ್ತದೆ. ಪಾಕಿಸ್ತಾನದ ಕಡೆಯವರು ಬರೆದಿರುವುದನ್ನು ನಂಬುವುದಾದರೆ ಹಳ್ಳಿಯ ಜನ ದೇವಯ್ಯನವರ ದೇಹವನ್ನು ಕಂಡು ಹೊಲದಲ್ಲಿಯೇ ಮಣ್ಣು ಮಾಡಿದರು. ಗುರುತಿಲ್ಲದ ಆ ಹಳ್ಳಿಗರು ಮಾಡಿದ ಕೆಲಸದ ಸುದ್ದಿ ಕೊಡಗಿನ ಮನೆಗೆ ತಲುಪಲು ಎಷ್ಟು ಕಾಲ ಬೇಕಾಯಿತು!

ಅದೇ ಯುದ್ಧದಲ್ಲಿ ಅದೇ ಕೊಡಗಿನ ಇನ್ನೊಂದು ಮನೆಯ ವೈಮಾನಿಕನ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಜನರಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ 1965ರ ಸೆಪ್ಟೆಂಬರ್ 22ರಂದು ಹಂಟರ್ ವಿಮಾನದಲ್ಲಿ ಹೋಗಿ ಗುಂಡೇಟಿಗೆ ಸಿಕ್ಕಿ ಪಾಕಿಸ್ತಾನದ ಸೆರೆಯಾಳಾದರು. ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನ್ ಆಗ ಪಾಕಿಸ್ತಾನದ ಅಧ್ಯಕ್ಷ. ಮಗ ಕ್ಷೇಮವಾಗಿದ್ದಾನೆಂದು ತಂದೆಗೆ ಸುದ್ದಿ ಮುಟ್ಟಿತು, ಬೇಕಾದರೆ ಬಿಡುಗಡೆ ಮಾಡುತ್ತೇವೆ ಎಂಬ ಮಾತೂ ಬಂತು. ಸೆರೆಯಲ್ಲಿರುವ ಸೈನಿಕರೆಲ್ಲರೂ ನನ್ನ ಮಕ್ಕಳೇ, ನನ್ನ ಮಗನಿಗೆ ಬೇರೆ ಉಪಚಾರ ಬೇಡ ಎಂದು ಕಾರ್ಯಪ್ಪನವರು ತಿರಸ್ಕರಿಸಿದರು. ಈ ಪ್ರಸಂಗವನ್ನು ನಾವು ಎಷ್ಟೋ ವೇದಿಕೆಗಳಲ್ಲಿ ಕೇಳಿದ್ದೇವೆ, ಕೇಳಿ ಚಪ್ಪಾಳೆ ತಟ್ಟಿದ್ದೇವೆ. ತಟ್ಟಬೇಕಾದದ್ದೇ. ಆದರೆ ಎಲ್ಲರೂ ನನ್ನ ಮಕ್ಕಳೇ ಎಂದ ಆ ಹಿರಿಯರ ಮಾತನ್ನು ನಿಜವಾಗಿ ಒಪ್ಪಿದ್ದರೆ, ಜನರಲ್ಲನ ಮಗನ ಕಥೆ ಬಾಯಿಂದ ಬಾಯಿಗೆ ಹರಿಯುತ್ತಿದ್ದ ಕಾಲದಲ್ಲಿ ಅಜ್ಜಮಾಡ ಮನೆಯ ಮಗ ಏನಾದ ಎಂದೂ ನಾಡು ಕೇಳಬೇಕಿತ್ತು.

ಎರಡನೆಯ ಮಾತು, "ಅವರೇನು ಪದಕಕ್ಕಾಗಿ ಹೋರಾಡಿದರೇ?" ಎಂಬುದು. ಹೌದು, ಹೋರಾಡಲಿಲ್ಲ. ಅಡುಗೆ ಮಾಡುವವಳೂ ಹೊಗಳಿಕೆಗಾಗಿ ಅಡುಗೆ ಮಾಡುವುದಿಲ್ಲ. ಹಾಗೆಂದು ಉಂಡವರು ಕೈ ತೊಳೆದು ಸುಮ್ಮನೆ ಎದ್ದುಹೋಗುವುದು ಮರ್ಯಾದೆಯೇ? ಕೊಟ್ಟವನು ಬೇಡಲಿಲ್ಲ ಎಂಬುದು ಪಡೆದವನ ಮರೆವಿಗೆ ನೆಪವಾಗಬಾರದು. ಈ ಮಾತಿನ ಹಿಂದೆ ಇನ್ನೊಂದು ವಂಚನೆಯೂ ಇದೆ. ಯಾರಾದರೂ ಕಂಡ ಕೆಲಸವನ್ನು ಮಾತ್ರ ಕೆಲಸವೆಂದು ಎಣಿಸುವುದು ನಮ್ಮ ಸಮಾಜದ ಹಳೆಯ ಚಾಳಿ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಬಂದ ಶತ್ರುವಿಮಾನಗಳನ್ನು ಒಬ್ಬಂಟಿಯಾಗಿ ಎದುರಿಸಿ ಮಡಿದ ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೇಖೋನ್ ಅವರಿಗೆ ಪರಮವೀರ ಚಕ್ರ ಬಂತು. ವಾಯುಪಡೆಗೆ ಇದುವರೆಗೆ ಬಂದಿರುವ ಪರಮವೀರ ಚಕ್ರ ಅದೊಂದೇ. ಅವರು ಅದಕ್ಕೆ ನೂರಕ್ಕೆ ನೂರು ಅರ್ಹರು. ಆದರೆ ಅವರ ಕಾದಾಟ ನಡೆದದ್ದು ನಮ್ಮ ನೆಲೆಯ ಮೇಲೆ, ನಮ್ಮವರ ಕಣ್ಣೆದುರಿಗೆ. ದೇವಯ್ಯನವರು ಕಾದಾಡಿದ್ದು ಪರರ ಆಕಾಶದಲ್ಲಿ, ನಮ್ಮವರಾರೂ ಇಲ್ಲದ ಕಡೆ. ಕಾಣದ ಕಡೆ ನಡೆದದ್ದನ್ನು ಹುಡುಕಿ ತಿಳಿಯುವುದು ಉಳಿದವರ ಹೊಣೆ. ಯಾರೂ ನೋಡದ ಕಡೆ ದುಡಿಯುವುದರ ಬೆಲೆ ಏನೆಂಬುದನ್ನು ಹೆಂಗಸರಿಗಿಂತ ಚೆನ್ನಾಗಿ ಬಲ್ಲವರು ಯಾರು? ಈ ಪ್ರಶ್ನೆಯನ್ನು ನಾವೇ ಎತ್ತದಿದ್ದರೆ ಇನ್ನಾರು ಎತ್ತುತ್ತಾರೆ?

ಮೂರನೆಯ ಮಾತು ಹೆಚ್ಚು ಅಪಾಯದ್ದು. "ಇಂಥ ಪ್ರಶ್ನೆ ಕೇಳುವುದು ಸೇನೆಗೆ ಅಗೌರವ" ಎನ್ನುತ್ತಾರೆ. ನನಗೆ ಈ ಮಾತು ಅರ್ಥವೇ ಆಗುವುದಿಲ್ಲ. ಗಂಡನ ಬಗ್ಗೆ ಹೆಂಡತಿ ಕೇಳುವುದು, ಮಗನ ಬಗ್ಗೆ ತಾಯಿ ಕೇಳುವುದು ಅಗೌರವ ಹೇಗಾಗುತ್ತದೆ? 1971ರ ಯುದ್ಧದಲ್ಲಿ ಕಾಣೆಯಾದ ಫ್ಲೈಟ್ ಲೆಫ್ಟಿನೆಂಟ್ ವಿಜಯ್ ತಾಂಬೆ ಅವರ ಪತ್ನಿ ದಮಯಂತಿ ತಾಂಬೆ ರಾಷ್ಟ್ರೀಯ ಬ್ಯಾಡ್ಮಿಂಟನ್ ಚಾಂಪಿಯನ್ ಆಗಿದ್ದವರು, ಅರ್ಜುನ ಪ್ರಶಸ್ತಿ ಪಡೆದವರು. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಆಮೇಲೆ ಅವರ ಬದುಕೆಲ್ಲ ಕಚೇರಿಗಳ ಮೆಟ್ಟಿಲು ಹತ್ತುವುದರಲ್ಲಿ, ಅರ್ಜಿ ಬರೆಯುವುದರಲ್ಲಿ ಕಳೆಯಿತು. ಕಾಣೆಯಾದವರ ಮನೆಯವರಿಗೆ ಪಾಕಿಸ್ತಾನದ ಸೆರೆಮನೆಗಳಿಗೆ ಹೋಗಿ ನೋಡಲು 2007ರಲ್ಲಿ ಅವಕಾಶ ಸಿಕ್ಕಿತು. ಅಷ್ಟು ಹೊತ್ತಿಗೆ 35 ವರ್ಷ ದಾಟಿತ್ತು. ಯಾರನ್ನೂ ಕಾಣದೆ ಮರಳಿದರು. ಈ ಹೆಂಗಸರು ಪ್ರಶ್ನೆ ಕೇಳದೇ ಇದ್ದಿದ್ದರೆ ಅಷ್ಟೂ ಆಗುತ್ತಿರಲಿಲ್ಲ. ಅಗೌರವ ಮಾಡಿದವರು ಕೇಳಿದವರೋ, ಉತ್ತರ ಕೊಡದವರೋ?

ಇನ್ನು ನಮ್ಮ ಮನೆಬಾಗಿಲಿಗೆ ಬರೋಣ. ದೂರದ ದಿಲ್ಲಿಯವರನ್ನು ಬೈಯುವುದು ಸುಲಭ. ನಮ್ಮ ಪೇಟೆ ಬೀದಿಗಳಲ್ಲಿ ಸೈನಿಕನ ಹೆಂಡತಿಯನ್ನು ನಾವು ನಡೆಸಿಕೊಳ್ಳುವುದು ಹೇಗೆ? ಆಗಸ್ಟ್ 15ರಂದು ಆಕೆಯನ್ನು ವೇದಿಕೆಗೆ ಕರೆದು ವೀರಪತ್ನಿ ಎಂದು ಶಾಲು ಹೊದಿಸುತ್ತೇವೆ. ಅದೇ ತಿಂಗಳ ವರಮಹಾಲಕ್ಷ್ಮಿ ಹಬ್ಬಕ್ಕೆ ಬೀದಿಯ ಎಲ್ಲರನ್ನೂ ಅರಿಶಿನ ಕುಂಕುಮಕ್ಕೆ ಕರೆಯುವಾಗ ಆಕೆಯ ಮನೆ ದಾಟಿ ಮುಂದೆ ಹೋಗುತ್ತೇವೆ. ವೇದಿಕೆಯ ಮೇಲೆ ಪೂಜ್ಯಳಾದವಳು ಪೂಜೆಯ ಮನೆಗೆ ಬೇಡವಾಗುತ್ತಾಳೆ. ಗಂಡ ಕಾಣೆಯಾಗಿದ್ದಾನೆ ಎಂಬಷ್ಟೇ ಸುದ್ದಿಯಿರುವ ಹೆಂಗಸಿನ ಸ್ಥಿತಿ ಇನ್ನೂ ಘೋರ. ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತವನೆಂದು ಭಾವಿಸಬಹುದು ಎಂಬುದು ಕಾನೂನಿನ ಲೆಕ್ಕ. ಅಷ್ಟು ದಿನ ಆಕೆ ಕುಂಕುಮ ಇಟ್ಟುಕೊಂಡರೂ ಆಡಿಕೊಳ್ಳುವವರಿದ್ದಾರೆ, ಅಳಿಸಿದರೂ ಆಡಿಕೊಳ್ಳುವವರಿದ್ದಾರೆ. ಹೀಗೆ ಆಡಿಕೊಳ್ಳುವವರು ಶತ್ರುದೇಶದವರಲ್ಲ. ನಮ್ಮ ಓರಗಿತ್ತಿಯರು, ನಾದಿನಿಯರು, ಪಕ್ಕದ ಮನೆಯವರು.

ಶಾಲೆಗಳ ಸಂಗತಿಯನ್ನೂ ಹೇಳಿಬಿಡುತ್ತೇನೆ. ಪಾಠ ಹೇಳುವುದೇ ನನ್ನ ಕಸುಬಾದ್ದರಿಂದ ಇದನ್ನು ಹತ್ತಿರದಿಂದ ನೋಡುತ್ತ ಬಂದವಳು ನಾನು. ರಾಷ್ಟ್ರೀಯ ಹಬ್ಬಗಳಿಗೆ ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುವ ಭಾಷಣಗಳನ್ನು ಕೇಳಿ. ಸೇಖೋನ್ ಇರಲಿ, ಸಂಗೊಳ್ಳಿ ರಾಯಣ್ಣ ಇರಲಿ, ಭಾಷಣ ಒಂದೇ. ಹೆಸರು ಮಾತ್ರ ಬದಲು. ಪ್ರಾಣವನ್ನು ಲೆಕ್ಕಿಸದೆ ಹೋರಾಡಿ ವೀರಸ್ವರ್ಗ ಸೇರಿದರು ಎಂದರೆ ಮುಗಿಯಿತು. ಮಗು ಎದ್ದು ನಿಂತು "ಅವರ ವಿಮಾನ ಎಷ್ಟು ವೇಗದ್ದು? ಶತ್ರುವಿನದು ಎಷ್ಟು ವೇಗದ್ದು? ಇಂಧನ ಎಷ್ಟಿತ್ತು? ಅವರು ತಪ್ಪಿಸಿಕೊಂಡು ಬರಬಹುದಿತ್ತೇ?" ಎಂದು ಕೇಳಿದರೆ ನಮಗೆ ಕಿರಿಕಿರಿ. ಆದರೆ ದೇವಯ್ಯನವರ ಶೌರ್ಯ ಇರುವುದೇ ಆ ಉತ್ತರಗಳಲ್ಲಿ. ನಿಧಾನದ ವಿಮಾನ, ಮುಗಿಯುತ್ತ ಬಂದ ಇಂಧನ, ಬಿದ್ದ ಮೊದಲ ಏಟು, ಇವನ್ನು ತೆಗೆದುಬಿಟ್ಟರೆ ಉಳಿಯುವುದು ಬರಿಯ ಶಬ್ದ. ಬರಿಯ ಶಬ್ದವನ್ನು ಮಕ್ಕಳು ಒಂದು ವಾರದಲ್ಲಿ ಮರೆಯುತ್ತಾರೆ.

ಸಿನಿಮಾದವರೂ ಇದೇ ಕೆಲಸ ಮಾಡಿದರು. 2025ರ ಜನವರಿಯಲ್ಲಿ ಈ ಘಟನೆಯನ್ನೇ ಆಧಾರವಾಗಿಟ್ಟುಕೊಂಡ 'ಸ್ಕೈ ಫೋರ್ಸ್' ಎಂಬ ಹಿಂದಿ ಚಿತ್ರ ಬಂತು. ಕೋಟಿಗಟ್ಟಲೆ ಹಣ, ದೊಡ್ಡ ನಟರು, ಹಾಡು, ಗುಂಡಿನ ಸದ್ದು ಎಲ್ಲವೂ ಇತ್ತು. ದೇವಯ್ಯ ಎಂಬ ಹೆಸರು ಮಾತ್ರ ಪಾತ್ರಕ್ಕಿರಲಿಲ್ಲ. ಕಟ್ಟಿದ ಹೆಸರೊಂದನ್ನು ಇಟ್ಟಿದ್ದರು. ಇಪ್ಪತ್ಮೂರು ವರ್ಷ ಕಾದು ದಕ್ಕಿಸಿಕೊಂಡ ಹೆಸರು ಅದು. ಕಥೆಯನ್ನು ತೆಗೆದುಕೊಂಡವರು ಆ ಹೆಸರನ್ನು ಹೊರಗೇ ಬಿಟ್ಟರು. ಕೊಡಗಿನವರಿಗೆ ಬೇಸರವಾದರೆ ಅದು ಸಹಜ. ಆದರೆ ಹೆಸರು ಬಿಟ್ಟರೆಂದು ಈಗ ಕೋಪಿಸಿಕೊಳ್ಳುವ ನಾವು, ಕನ್ನಡಿಗರು, ಅವರ ಬದುಕನ್ನು ಮನೆಮನೆಯಲ್ಲಿ ಓದುವಂತೆ ಮಾಡಿದ್ದೇವೆಯೇ? ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. ಬಸ್ಸು ಅಲ್ಲಿ ತಿರುಗುವಾಗ ಕಿಟಕಿಯಿಂದ ನೋಡುವ ಪ್ರವಾಸಿಗಳಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಅರ್ಥ ಗೊತ್ತು?

ಬೈದದ್ದಾಯಿತು, ಇನ್ನು ಏನು ಮಾಡಬೇಕೆಂದೂ ಹೇಳಬೇಕು. ರಕ್ಷಣಾ ಇಲಾಖೆ 2021ರಲ್ಲಿ ಒಂದು ನೀತಿಯನ್ನು ಒಪ್ಪಿತು. ಅದರ ಪ್ರಕಾರ ಯುದ್ಧದ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳೊಳಗೆ ಬಹಿರಂಗಪಡಿಸಬೇಕು, ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಅದರ ಇತಿಹಾಸವನ್ನು ಬರೆಯಿಸಬೇಕು. ಕಾಗದದ ಮೇಲೆ ಚೆನ್ನಾಗಿದೆ. 1965ರ ಯುದ್ಧದ ಇತಿಹಾಸವನ್ನು ಇಲಾಖೆಯವರೇ 1992ರಲ್ಲಿ ಸಿದ್ಧಪಡಿಸಿಟ್ಟರೂ ಅದು ಬಹುಕಾಲ ಸಾಮಾನ್ಯ ಜನರ ಕೈಗೆ ಸಿಗಲಿಲ್ಲ ಎಂಬುದನ್ನು ನೆನೆದರೆ, ಕಾಗದವನ್ನು ಮಾತ್ರ ನಂಬಿ ಕೂರಬಾರದು ಎನಿಸುತ್ತದೆ. ಕೇಳುತ್ತಲೇ ಇರಬೇಕು. ನಮ್ಮ ಮಹಿಳಾ ಸಮಾಜಗಳು ಹೂ ಜೋಡಿಸುವ ಸ್ಪರ್ಧೆ, ರಂಗೋಲಿ ಸ್ಪರ್ಧೆಗಳ ನಡುವೆ ಒಂದು ಮಧ್ಯಾಹ್ನವನ್ನು ಇದಕ್ಕೆ ಕೊಡಲಿ. ಊರಿನಲ್ಲಿ ಸೈನಿಕನನ್ನು ಕಳೆದುಕೊಂಡ ಮನೆ ಇದ್ದರೆ ಹೋಗಿ ಆ ಹೆಂಗಸಿನೊಡನೆ ಕುಳಿತು ಕೇಳಲಿ. ಪಿಂಚಣಿ ಸರಿಯಾಗಿ ಬರುತ್ತಿದೆಯೇ, ಸೈನಿಕ ಕಲ್ಯಾಣ ಇಲಾಖೆಗೆ ಬರೆದ ಅರ್ಜಿಗೆ ಉತ್ತರ ಬಂತೇ, ಗಂಡನಿಗೆ ಏನಾಯಿತೆಂದು ಆಕೆಗೆ ಯಾರಾದರೂ ಬಾಯಿಬಿಟ್ಟು ಹೇಳಿದ್ದಾರೆಯೇ ಎಂದು ವಿಚಾರಿಸಲಿ. ಉತ್ತರ ಬಂದಿಲ್ಲವಾದರೆ ಸಮಾಜದ ಮುದ್ರೆ ಒತ್ತಿ ಮತ್ತೊಂದು ಅರ್ಜಿ ಬರೆಯಲಿ. ಒಬ್ಬಳು ಬರೆದ ಕಾಗದ ಕಪಾಟು ಸೇರುತ್ತದೆ. ಐವತ್ತು ಜನ ಸಹಿ ಹಾಕಿದ ಕಾಗದಕ್ಕೆ ಒಬ್ಬ ಗುಮಾಸ್ತನಾದರೂ ತಲೆಯೆತ್ತುತ್ತಾನೆ. ಶ್ರಾವಣದಲ್ಲಿ ಆಕೆಯನ್ನು ಮನೆಗೆ ಕರೆದು ಎಲ್ಲರ ಜೊತೆ ಕೂರಿಸಿ, ಎಲ್ಲರಿಗೆ ಕೊಟ್ಟದ್ದನ್ನೇ ಆಕೆಗೂ ಕೊಡಲಿ. ಇದಕ್ಕೆ ದಿಲ್ಲಿಯ ಅಪ್ಪಣೆ ಬೇಕಿಲ್ಲ.

ತಾಯಂದಿರು ತಮ್ಮ ಮಕ್ಕಳಿಗೆ ದೇವಯ್ಯನವರ ಕಥೆಯನ್ನು ಹೇಳಲಿ. ವಿಮಾನದ ಹೆಸರು, ಊರಿನ ಹೆಸರು, ತಾರೀಖು ಸಹಿತ ಹೇಳಲಿ. ಅವರು ಸತ್ತದ್ದು 1965ರಲ್ಲಿ, ನಾವು ಅವರನ್ನು ಗುರುತಿಸಿದ್ದು 1988ರಲ್ಲಿ ಎಂಬುದನ್ನೂ ಬಿಡದೆ ಹೇಳಲಿ. ಯಾಕಮ್ಮಾ ಅಷ್ಟು ತಡ ಎಂದು ಮಗು ಕೇಳಿಯೇ ಕೇಳುತ್ತದೆ. ಆಗ ಮಾತು ಹಾರಿಸದೆ, ನಾವು ವಿಚಾರಿಸಲಿಲ್ಲ ಮಗೂ, ನೀನು ವಿಚಾರಿಸುವವನಾಗು ಎಂದು ಹೇಳಲಿ.